ಬಿಳಿ ಕರಡಿಯನ್ನು ನೋಡದವರು

ದೂರದ ಉತ್ತರದ ಹಿಮಸೀಮೆಯಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಎಂಬ ದ್ವೀಪ ಇರುವುದು ಆ ದೂರದ ಉತ್ತರದಲ್ಲಿ, ಅಲ್ಲಿ ಯಾವಾಗಲೂ ಹಿಮ. ಹಾಗಾದರೆ ನೊವಾಯಾ ಜೆಮ್ಲ್ಯಾದ ಕರಡಿಗಳ ಬಣ್ಣ ಯಾವುದು?

ಶಾಲೆಗೆ ಹೋಗುವ ಹತ್ತು ವರ್ಷದ ಮಗು ಇದಕ್ಕೆ ಥಟ್ಟನೆ ಉತ್ತರ ಹೇಳುತ್ತದೆ. 1930ರ ದಶಕದ ಆರಂಭದಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಲ್ಲಿ ಈ ಪ್ರಶ್ನೆ ಕೇಳಿದಾಗ ಓದುಬರಹ ತಿಳಿಯದ ರೈತರಿಂದ ಬಂದ ಉತ್ತರ ಬೇರೆ. ತಾನು ಕಂಡದ್ದು ಕಪ್ಪು ಕರಡಿ ಮಾತ್ರ, ಬೇರೆಯದನ್ನು ಕಂಡಿಲ್ಲ ಎಂದು ಒಬ್ಬ ಹೇಳಿದ. ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯ ಪ್ರಾಣಿ ಇರುತ್ತದೆ ಎಂದೂ ಸೇರಿಸಿದ. ಮತ್ತೆ ಮತ್ತೆ ಒತ್ತಾಯಿಸಿದಾಗ ಬಂದ ಉತ್ತರದ ಸಾರ ಇಷ್ಟೇ: ಅಲ್ಲಿಗೆ ಹೋಗಿ ಬಂದವರಿದ್ದರೆ ಅವರನ್ನು ಕೇಳಿ, ನೋಡದೇ ಇರುವುದರ ಬಗ್ಗೆ ನಾವೇನು ಹೇಳುವುದು?

ಇದು ದಡ್ಡತನವೇ, ಜಾಣತನವೇ? ಮನುಷ್ಯರ ಬುದ್ಧಿಯನ್ನು ಅಳೆಯಲು ಹೊರಟವರ ನೂರಿಪ್ಪತ್ತು ವರ್ಷಗಳ ಇತಿಹಾಸವೆಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಯ ಸುತ್ತಲೇ ತಿರುಗಿದೆ. ಅದಕ್ಕೆ ಕೊಟ್ಟ ತಪ್ಪು ಉತ್ತರಗಳಿಗೆ ಬೆಲೆ ತೆತ್ತವರು ಪರೀಕ್ಷೆ ಮಾಡಿದವರಲ್ಲ, ಪರೀಕ್ಷೆಗೆ ಕುಳಿತವರು.

ಚಹಾ ಅಂಗಡಿಯಲ್ಲಿ ಮನಶ್ಶಾಸ್ತ್ರ

ಕರಡಿಯ ಪ್ರಶ್ನೆಯನ್ನು ಕೊಂಡೊಯ್ದವರು ಮಾಸ್ಕೋದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ. 1931ರ ಬೇಸಿಗೆಯಲ್ಲಿ ಮೊದಲ ಸಲ ತಂಡ ಕಟ್ಟಿಕೊಂಡು ಉಜ್ಬೆಕಿಸ್ತಾನಕ್ಕೆ ಹೋದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮರುವರ್ಷ ಮತ್ತೊಮ್ಮೆ ಹೋದರು. ಈ ಯೋಜನೆಯ ಹಿಂದಿನ ಚಿಂತನೆ ಅವರ ಗೆಳೆಯ ಲೆವ್ ವಿಗೋಟ್‌ಸ್ಕಿಯವರದೂ ಹೌದು. ಆದರೆ ಕ್ಷಯದಿಂದ ಬಳಲುತ್ತಿದ್ದ ವಿಗೋಟ್‌ಸ್ಕಿ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ. 1934ರಲ್ಲಿ, 37ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮನುಷ್ಯನ ಯೋಚನೆಯ ರೀತಿ ಹುಟ್ಟಿನಿಂದ ಬಂದದ್ದಲ್ಲ, ಅವನು ಬದುಕುವ ಸಮಾಜ, ಬಳಸುವ ಭಾಷೆ ಮತ್ತು ಉಪಕರಣಗಳಿಂದ ರೂಪುಗೊಳ್ಳುವಂಥದ್ದು ಎಂಬುದು ಇಬ್ಬರ ನಂಬಿಕೆ. ಸಮಾಜ ಬದಲಾದರೆ ಯೋಚನೆಯೂ ಬದಲಾಗಬೇಕು. ಅದನ್ನು ಕಣ್ಣಾರೆ ಕಾಣಲು ಆಗಿನ ಮಧ್ಯ ಏಷ್ಯಾಕ್ಕಿಂತ ಒಳ್ಳೆಯ ಜಾಗ ಸಿಗುವಂತಿರಲಿಲ್ಲ. ಸೋವಿಯತ್ ಸರ್ಕಾರ ಅಲ್ಲಿ ಹೊಲಗಳನ್ನು ಸಾಮೂಹಿಕ ಬೇಸಾಯಕ್ಕೆ ಒಳಪಡಿಸುತ್ತಿತ್ತು, ಅಕ್ಷರ ಕಲಿಸುವ ಕಿರು ತರಗತಿಗಳನ್ನು ತೆರೆಯುತ್ತಿತ್ತು. ಮನೆಯ ಒಳಭಾಗದಲ್ಲೇ ಬದುಕು ಕಳೆದ ಹೆಂಗಸರು, ಶಾಲೆ ಕಾಣದ ರೈತರು, ಕೆಲವೇ ತಿಂಗಳು ತರಗತಿಗೆ ಹೋದ ಯುವಕರು, ಎರಡು ಮೂರು ವರ್ಷ ಓದಿ ಶಿಕ್ಷಕಿಯರಾಗಲಿದ್ದ ಹುಡುಗಿಯರು ಎಲ್ಲರೂ ಒಂದೇ ಸೀಮೆಯಲ್ಲಿ ಸಿಗುತ್ತಿದ್ದರು.

ಮಾಸ್ಕೋದ ಪರೀಕ್ಷಾ ಹಾಳೆಗಳನ್ನು ಹಳ್ಳಿಗರ ಮುಂದೆ ಹಿಡಿದರೆ ಏನೂ ತಿಳಿಯದು ಎಂಬುದು ಲೂರಿಯಾ ಅವರಿಗೆ ಗೊತ್ತಿತ್ತು. ಹಾಗಾಗಿ ಅವರ ತಂಡ ಚಹಾ ಅಂಗಡಿಗಳಲ್ಲಿ, ಬೆಟ್ಟದ ಹುಲ್ಲುಗಾವಲಿನ ಬೆಂಕಿಯ ಸುತ್ತ ಕುಳಿತು, ಹರಟೆಯ ನಡುವೆ ಒಗಟು ಕೇಳಿದಂತೆ ಪ್ರಶ್ನೆ ಕೇಳಿತು. ಅಂಕ ಹಾಕಲಿಲ್ಲ. ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿತು.

ಕಸೂತಿಯಲ್ಲಿ ಪಳಗಿದ ಹೆಂಗಸರ ಮುಂದೆ ಬಣ್ಣಬಣ್ಣದ ಉಣ್ಣೆಯ ನೂಲುಗಳನ್ನಿಟ್ಟು, ಒಂದೇ ಥರದವನ್ನು ಒಂದು ಕಡೆ ಸೇರಿಸಿ ಎಂದರು. ಆ ಹೆಂಗಸರು ಹೇಳಿದ ಹೆಸರುಗಳು ಪೀಚ್ ಹಣ್ಣಿನ ಬಣ್ಣ, ಯಕೃತ್ತಿನ ಬಣ್ಣ, ಇಟ್ಟಿಗೆಯ ಬಣ್ಣ, ಕೆಟ್ಟುಹೋದ ಹತ್ತಿಯ ಬಣ್ಣ ಎಂಬಂಥವು. ಕಂದು, ಕೆಂಪು ಎಂಬ ನಾಲ್ಕಾರು ಗುಂಪಿಗೆ ಅವನ್ನು ಸೇರಿಸಲು ಅವರಿಗೆ ಮನಸ್ಸಿರಲಿಲ್ಲ. ಒಂದರಂತೆ ಇನ್ನೊಂದಿಲ್ಲವಲ್ಲ, ಸೇರಿಸುವುದು ಹೇಗೆ?

ಸುತ್ತಿಗೆ, ಗರಗಸ, ಮರದ ದಿಮ್ಮಿ, ಕೊಡಲಿ ಈ ನಾಲ್ಕರ ಚಿತ್ರ ತೋರಿಸಿ, ಯಾವುದು ಗುಂಪಿಗೆ ಸೇರದು ಎಂದು ಕೇಳಿದರು. ಮೂರು ಹತ್ಯಾರುಗಳು, ಒಂದು ಮರ. ಹಾಗಾಗಿ ದಿಮ್ಮಿ ಹೊರಗೆ ಎಂಬುದು ಶಾಲೆಯ ಉತ್ತರ. 39 ವರ್ಷದ ರೈತನೊಬ್ಬ ಇದನ್ನು ಒಪ್ಪಲಿಲ್ಲ. ಗರಗಸ ಕೊಯ್ಯಬೇಕು, ಕೊಡಲಿ ಸೀಳಬೇಕು. ದಿಮ್ಮಿಯನ್ನೇ ತೆಗೆದುಬಿಟ್ಟರೆ ಉಳಿದವುಗಳಿಗೆ ಕೆಲಸವೇನು? ಇನ್ನೊಬ್ಬರು ದಿಮ್ಮಿಯನ್ನು ಬಿಟ್ಟಿದ್ದಾರೆ ಎಂದು ಹೇಳಿದಾಗ, ಅವರ ಮನೆಯಲ್ಲಿ ಸೌದೆ ಬೇಕಾದಷ್ಟು ಇರಬೇಕು ಎಂಬರ್ಥದ ಮಾತು ಬಂತು.

ಸೈಕಲ್ ಸವಾರ ಕಾಲ್ನಡಿಗೆಯವನಿಗಿಂತ ನಿಧಾನ ಹೋಗುತ್ತಾನೆ ಎಂದುಕೊಂಡು ಲೆಕ್ಕ ಮಾಡಿ ಎಂದರೂ ಹಲವರು ಒಪ್ಪಲಿಲ್ಲ. ಸೈಕಲ್ ನಿಧಾನ ಹೋಗುವುದಿಲ್ಲವಲ್ಲ! ಲೆಕ್ಕ ಬಾರದೇ ಇದ್ದದ್ದಕ್ಕಲ್ಲ ಈ ನಿರಾಕರಣೆ. ಲೋಕಕ್ಕೆ ಒಗ್ಗುವ ಸಂಖ್ಯೆ ಕೊಟ್ಟಾಗ ಅಂಥವರೇ ಲೆಕ್ಕ ಬಿಡಿಸುತ್ತಿದ್ದರು.

ಲೂರಿಯಾ ಕಂಡುಕೊಂಡ ಅತಿ ದೊಡ್ಡ ಸಂಗತಿ ಇದರ ಮುಂದಿನದು. ಅದೇ ಊರಿನ, ಅದೇ ಭಾಷೆಯ, ಒಂದೆರಡು ವರ್ಷ ತರಗತಿಯಲ್ಲಿ ಕುಳಿತ ಯುವಕ ಯುವತಿಯರು ಕರಡಿ ಬಿಳಿ ಎಂದು ಹೇಳಿದರು, ದಿಮ್ಮಿಯನ್ನು ಹೊರಗಿಟ್ಟರು. ತಲೆಮಾರುಗಳು ಬೇಕಾಗಲಿಲ್ಲ. ಹಾಗಾದರೆ ಈ ವ್ಯತ್ಯಾಸ ರಕ್ತದಲ್ಲಿ ಬಂದದ್ದಾಗಿರಲು ಸಾಧ್ಯವಿಲ್ಲ.

ಅಂತೆ ಮತ್ತು ಇದೆ

'ಮಳೆ ಬಂತು' ಎನ್ನುವುದಕ್ಕೂ 'ಮಳೆ ಬಂತಂತೆ' ಎನ್ನುವುದಕ್ಕೂ ಇರುವ ಅಂತರವನ್ನು ಯಾವ ಕನ್ನಡಿಗರಿಗೂ ಹೇಳಿಕೊಡಬೇಕಿಲ್ಲ. 'ಅಂತೆ' ಎಂಬ ಎರಡೇ ಅಕ್ಷರ ಮಾತಿನ ಹೊಣೆಯನ್ನು ಬೇರೆಯವರ ಹೆಗಲಿಗೆ ದಾಟಿಸಿಬಿಡುತ್ತದೆ. ಕೇಳಿದ್ದನ್ನು ಕಂಡದ್ದರಂತೆ ಹೇಳುವವರನ್ನು ಊರು ನಂಬುವುದಿಲ್ಲ. ಅವರದು ಅಂತೆಕಂತೆಯ ಮಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಣ್ಣಿಗೂ ಪೂರ್ತಿ ರಿಯಾಯಿತಿ ಕೊಡುವುದಿಲ್ಲ.

ಉಜ್ಬೆಕ್ ಭಾಷೆಯಲ್ಲೂ ಇಂಥ ಗುರುತುಗಳಿವೆ. ತಾನು ಕಂಡದ್ದಲ್ಲ, ಕೇಳಿದ್ದು ಅಥವಾ ಊಹಿಸಿದ್ದು ಎಂಬುದನ್ನು ತಿಳಿಸಲು 'ಎಕಾನ್', 'ಎಮಿಶ್' ಎಂಬ ಪದಗಳು ವಾಕ್ಯದ ಕೊನೆಗೆ ಸೇರುತ್ತವೆ. ಕನ್ನಡವಾಗಲಿ ಉಜ್ಬೆಕ್ ಆಗಲಿ, ಭಾಷೆಯೇ ಯೋಚನೆಯನ್ನು ಕಟ್ಟಿಹಾಕಿತು ಎಂದು ಇದರ ಅರ್ಥವಲ್ಲ. ಅದೇ ಭಾಷೆಯವರು ಶಾಲೆಗೆ ಹೋದ ಮೇಲೆ ಉತ್ತರ ಹೇಳಿದರಲ್ಲ! ಆದರೆ ಗೊತ್ತಿರುವುದು ಎಂದರೇನು, ಯಾವುದಕ್ಕೆ ತಾನು ಹೊಣೆಗಾರ ಎಂಬ ಎಚ್ಚರ ದಿನದ ಮಾತಿನಲ್ಲೇ ಇರುವ ಸಮಾಜದಲ್ಲಿ, ಕಾಣದ ಕರಡಿಯ ಬಣ್ಣ ಹೇಳುವುದು ಬುದ್ಧಿವಂತಿಕೆ ಎನ್ನಿಸಿಕೊಳ್ಳದೇ ಹೋಗಬಹುದು. ಅದು ಬಾಯಿಗೆ ಬಂದದ್ದನ್ನು ಹೇಳುವ ಹಗುರತನ ಎನ್ನಿಸಬಹುದು.

ರೈತನ ಉತ್ತರವನ್ನು ಬಿಡಿಸಿ ನೋಡಿದರೆ ಅದರೊಳಗೇ ತರ್ಕವಿದೆ: ಕಂಡವರಿಗೆ ಮಾತ್ರ ಗೊತ್ತು, ತಾನು ಕಂಡಿಲ್ಲ, ಹಾಗಾಗಿ ತನಗೆ ಗೊತ್ತಿಲ್ಲ. ಎರಡು ಹೇಳಿಕೆಗಳಿಂದ ಮೂರನೆಯದನ್ನು ಎಳೆಯುವ ಶಕ್ತಿ ಅವನಲ್ಲಿತ್ತು. ಅಪರಿಚಿತರು ಹೇಳಿದ ಮಾತನ್ನೇ ಆಧಾರವಾಗಿಟ್ಟುಕೊಂಡು ಎಳೆಯಲು ಮಾತ್ರ ಅವನು ಒಪ್ಪಲಿಲ್ಲ. ಅದೂ ಎಂಥ ಕಾಲದಲ್ಲಿ? ಹೊಲ, ಕುರಿ, ಕುದುರೆಗಳನ್ನು ಸರ್ಕಾರ ಲೆಕ್ಕಕ್ಕೆ ಹಿಡಿಯುತ್ತಿದ್ದ 1931ರಲ್ಲಿ, ಮಾಸ್ಕೋದಿಂದ ಬಂದವರ ಎದುರು ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡದಿರುವುದು ಲೋಕಜ್ಞಾನವೇ.

ಲೂರಿಯಾ ಇದನ್ನು ಪೂರ್ತಿ ಹೀಗೆ ಓದಲಿಲ್ಲ. ಅವರ ಕಣ್ಣಿಗೆ ಇದು ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಏರುವ ಕಥೆ. ಆ ಉತ್ಸಾಹ ಅವರನ್ನು ಒಮ್ಮೆ ಎಡವಿಸಿತು ಕೂಡ. ಸಮ ಉದ್ದದ ಎರಡು ಗೆರೆಗಳು ಹೆಚ್ಚುಕಡಿಮೆಯಾಗಿ ಕಾಣುವಂಥ ದೃಷ್ಟಿಭ್ರಮೆಗಳು ಈ ಹಳ್ಳಿಗರಲ್ಲಿ ಇಲ್ಲ ಎಂದು ಮೊದಲ ಪ್ರವಾಸದಲ್ಲಿ ಅವರಿಗೆ ತೋರಿತು. ಉಜ್ಬೆಕರಿಗೆ ಭ್ರಮೆಗಳಿಲ್ಲ ಎಂದು ವಿಗೋಟ್‌ಸ್ಕಿಗೆ ತಂತಿ ಕಳಿಸಿದರು, ಅದನ್ನು ಅಧಿಕಾರಿಗಳು ರಾಜಕೀಯದ ಮಾತು ಎಂದು ತಿಳಿದರು ಎಂಬ ಕಥೆ ಆಮೇಲೆ ಬಹಳ ಕಾಲ ಓಡಾಡಿತು. 1932ರಲ್ಲಿ ತಂಡದ ಜೊತೆ ಹೋದ ಜರ್ಮನ್ ಮನಶ್ಶಾಸ್ತ್ರಜ್ಞ ಕುರ್ಟ್ ಕೋಫ್ಕಾ ಜ್ವರ ಬಿದ್ದು ಬೇಗ ಮರಳಬೇಕಾಯಿತು. ಆದರೆ ಅಷ್ಟರಲ್ಲೇ, ಅಲ್ಲಿನ ಜನರಿಗೂ ದೃಷ್ಟಿಭ್ರಮೆಗಳು ಕಾಣುತ್ತವೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಮಾಸ್ಕೋದಲ್ಲಿ ಕಾದಿದ್ದ ಆಪತ್ತು ಬೇರೆ. ಸೋವಿಯತ್ ರೈತರಿಗೆ ಅಮೂರ್ತ ಯೋಚನೆ ಬಾರದು ಎನ್ನುವುದು ಒಂದು ಜನಾಂಗಕ್ಕೆ ಮಾಡಿದ ಅವಮಾನ ಎಂಬ ಆರೋಪ ಬಂತು. 1936ರಲ್ಲಿ ಕಮ್ಯುನಿಸ್ಟ್ ಪಕ್ಷ ಶಾಲೆಗಳಲ್ಲಿ ಬುದ್ಧಿಪರೀಕ್ಷೆಗಳನ್ನೇ ನಿಷೇಧಿಸಿತು. ಲೂರಿಯಾ ವೈದ್ಯಕೀಯ ಓದಿ, ಮಿದುಳಿಗೆ ಪೆಟ್ಟುಬಿದ್ದವರ ಅಧ್ಯಯನದತ್ತ ಹೊರಳಿ, ಅದರಲ್ಲಿ ಜಗತ್ತಿಗೇ ಹೆಸರಾದರು. ಉಜ್ಬೆಕಿಸ್ತಾನದ ಟಿಪ್ಪಣಿಗಳು ಪುಸ್ತಕವಾಗಿ ಹೊರಬಂದದ್ದು 1974ರಲ್ಲಿ, ನಾಲ್ಕು ದಶಕಗಳ ನಂತರ.

ಅಳತೆಗೋಲು ಬಂದ ದಾರಿ

ಲೂರಿಯಾ ಅಂಕ ಹಾಕದೆ ಬಿಟ್ಟರು. ಆದರೆ ಅವರು ಹಳ್ಳಿಗೆ ಹೋಗುವ ಹೊತ್ತಿಗೆ ಅಂಕ ಹಾಕುವ ಪದ್ಧತಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಬೇರೂರಿತ್ತು.

ಅದರ ಮೂಲ ಪ್ಯಾರಿಸ್. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ವಿಶೇಷ ಪಾಠ ಕೊಡುವ ಬಗ್ಗೆ ಫ್ರೆಂಚ್ ಸರ್ಕಾರ 1904ರಲ್ಲಿ ಒಂದು ಆಯೋಗ ರಚಿಸಿತು. ಅದರ ಸದಸ್ಯ ಆಲ್‌ಫ್ರೆಡ್ ಬಿನೆ, ವೈದ್ಯ ತಿಯೋಡೋರ್ ಸಿಮೋನ್ ಜೊತೆ ಸೇರಿ 1905ರಲ್ಲಿ ಮೂವತ್ತು ಪ್ರಶ್ನೆ-ಕೆಲಸಗಳ ಒಂದು ಪಟ್ಟಿ ಸಿದ್ಧಪಡಿಸಿದರು. ಯಾವ ಮಗುವಿಗೆ ಎಷ್ಟು ನೆರವು ಬೇಕು ಎಂದು ತಿಳಿಯುವುದಷ್ಟೇ ಅದರ ಉದ್ದೇಶ. ಬುದ್ಧಿ ಎಂಬುದು ಹುಟ್ಟಿನಲ್ಲೇ ಅಳೆದು ಕೊಟ್ಟ ಪದಾರ್ಥ, ಅದನ್ನು ಹೆಚ್ಚಿಸಲಾಗದು ಎಂಬ ವಾದವನ್ನು ಬಿನೆ 1909ರಲ್ಲಿ ಕಟುವಾಗಿ ವಿರೋಧಿಸಿದರು. 1911ರಲ್ಲಿ ಅವರು ತೀರಿಕೊಂಡರು.

ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್, ಮಗುವಿನ 'ಮಾನಸಿಕ ವಯಸ್ಸನ್ನು' ನಿಜವಾದ ವಯಸ್ಸಿನಿಂದ ಭಾಗಿಸುವ ಸೂತ್ರ ಕೊಟ್ಟರು. ಅಮೆರಿಕದ ಲೂಯಿಸ್ ಟರ್ಮನ್ 1916ರ ತಮ್ಮ ಆವೃತ್ತಿಯಲ್ಲಿ ಅದನ್ನು ನೂರರಿಂದ ಗುಣಿಸಿದರು. ಐಕ್ಯೂ ಹುಟ್ಟಿದ್ದು ಹೀಗೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 17 ಲಕ್ಷ ಜನರಿಗೆ ಬುದ್ಧಿಪರೀಕ್ಷೆ ಮಾಡಿತು. ವಲಸೆ ಬಂದವರ ಅಂಕಗಳಲ್ಲಿ ಒಂದು ವಿಚಿತ್ರ ಕಂಡಿತು: ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದವರಿಗೆ ಹೆಚ್ಚು ಅಂಕ. ಇಪ್ಪತ್ತು ವರ್ಷ ದಾಟಿದವರು ಅಲ್ಲೇ ಹುಟ್ಟಿದವರಿಗೆ ಕಡಿಮೆಯೇನಿರಲಿಲ್ಲ. ಭಾಷೆ ಮತ್ತು ಬದುಕಿನ ಪರಿಚಯ ಅಂಕವನ್ನು ಏರಿಸುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ 1923ರಲ್ಲಿ ಕಾರ್ಲ್ ಬ್ರಿಗಮ್ ಅದನ್ನು ತಿರುಗಾಮುರುಗಾ ಓದಿದರು: ಈಚೆಗೆ ಬರುತ್ತಿರುವ ವಲಸಿಗರು ಕೀಳು ಬುದ್ಧಿಯವರು ಎಂದರು. ಮರುವರ್ಷವೇ ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಬಾಗಿಲು ಬಹುಪಾಲು ಮುಚ್ಚುವ ಕಾನೂನು ಬಂತು. ಅಂಥ ಕಾನೂನಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಈ ಸಂಖ್ಯೆಗಳು ಅದರ ಪರ ಇದ್ದವರ ಕೈಗೆ ವಿಜ್ಞಾನದ ಮುದ್ರೆ ಕೊಟ್ಟವು. ಬ್ರಿಗಮ್ 1930ರಲ್ಲಿ ತಮ್ಮ ತೀರ್ಮಾನ ತಪ್ಪೆಂದು ಬರೆದು ಹಿಂತೆಗೆದುಕೊಂಡರು. ಕಾನೂನು ಮಾತ್ರ ಹಾಗೆಯೇ ಉಳಿಯಿತು.

ದಡ್ಡ ಹೇಗೆ ಮಾಡುತ್ತಾನೆ?

ಕಾಣದ ಕರಡಿಯ ಪ್ರಶ್ನೆಗೆ ಹೊಸ ತಿರುವು ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ. 1960ರ ದಶಕದಲ್ಲಿ ಮೈಕಲ್ ಕೋಲ್, ಜಾನ್ ಗೇ, ಜೋಸೆಫ್ ಗ್ಲಿಕ್ ಮತ್ತು ಸಂಗಡಿಗರು ಅಲ್ಲಿನ ಕ್ಪೆಲ್ಲೆ ಜನರ ನಡುವೆ ಕೆಲಸ ಮಾಡಿದರು. ಆಹಾರ, ಬಟ್ಟೆ, ಪಾತ್ರೆ, ಹತ್ಯಾರು ಹೀಗೆ ಇಪ್ಪತ್ತು ವಸ್ತುಗಳನ್ನಿಟ್ಟು ಗುಂಪು ಮಾಡಲು ಹೇಳಿದರೆ, ರೈತರು ಚಾಕುವನ್ನು ಕಿತ್ತಳೆಯ ಜೊತೆ ಇಡುತ್ತಿದ್ದರು. ಚಾಕು ಕತ್ತರಿಸುವುದು ಹಣ್ಣನ್ನು ತಾನೇ? ಜಾಣರು ಮಾಡುವುದು ಹೀಗೆಯೇ ಎಂದೂ ಹೇಳುತ್ತಿದ್ದರು. ಕೊನೆಗೆ ಬೇಸತ್ತ ಸಂಶೋಧಕರು, ಹಾಗಾದರೆ ದಡ್ಡ ಹೇಗೆ ಮಾಡುತ್ತಾನೆ ಎಂದು ಕೇಳಿದರು. ರೈತ ಆಹಾರವನ್ನೆಲ್ಲ ಒಂದು ಕಡೆ, ಬಟ್ಟೆಯನ್ನೆಲ್ಲ ಒಂದು ಕಡೆ, ಹತ್ಯಾರುಗಳನ್ನೆಲ್ಲ ಒಂದು ಕಡೆ ಅಚ್ಚುಕಟ್ಟಾಗಿ ಜೋಡಿಸಿದ.

ಆ ಶಕ್ತಿ ಅವನಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಜಾಣತನವೆಂದು ಎಣಿಸುವ ರೂಢಿ ಮಾತ್ರ ಇರಲಿಲ್ಲ. ಇದೇ ಕ್ಪೆಲ್ಲೆ ರೈತರು ಬೋಗುಣಿಯಲ್ಲಿರುವ ಅಕ್ಕಿ ಎಷ್ಟು ಅಳತೆಯಾದೀತು ಎಂದು ಕಣ್ಣಂದಾಜಿನಲ್ಲಿ ಹೇಳುವುದರಲ್ಲಿ ಅಮೆರಿಕದವರನ್ನು ಮೀರಿಸಿದರು. ಅಕ್ಕಿ ಅಳೆಯುವುದನ್ನು ಬುದ್ಧಿಪರೀಕ್ಷೆ ಎಂದು ಕರೆದಿದ್ದರೆ ಪಟ್ಟಿ ತಲೆಕೆಳಗಾಗುತ್ತಿತ್ತು.

ಇಷ್ಟಕ್ಕೂ ಬದಲಾವಣೆ ತರುವುದು ಅಕ್ಷರವೋ, ಶಾಲೆಯೋ? ಎರಡೂ ಸಾಮಾನ್ಯವಾಗಿ ಒಟ್ಟಿಗೇ ಬರುವುದರಿಂದ ಬಿಡಿಸಿ ನೋಡುವುದು ಕಷ್ಟ. ಲೈಬೀರಿಯಾದ ವಾಯ್ ಜನರಲ್ಲಿ ಅದಕ್ಕೊಂದು ಅಪರೂಪದ ಅವಕಾಶ ಸಿಕ್ಕಿತು. 1830ರ ದಶಕದ ಹೊತ್ತಿಗೆ ಮೊಮೊಲು ದುವಾಲು ಬುಕೆಲೆ ಎಂಬವರು ರೂಪಿಸಿದ ಅವರದೇ ಲಿಪಿಯೊಂದಿದೆ. ಸಂಶೋಧಕರು ಹೋದ ಕಾಲದಲ್ಲಿ ಅದನ್ನು ಶಾಲೆಗಳು ಕಲಿಸುತ್ತಿರಲಿಲ್ಲ. ಬಲ್ಲವರಿಂದ ಕಲಿತು, ಕಾಗದ ಬರೆಯಲು, ಲೆಕ್ಕ ಇಡಲು ಬಳಸುತ್ತಿದ್ದರು. ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕಲ್ ಕೋಲ್ ವರ್ಷಗಟ್ಟಲೆ ನಡೆಸಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ವಾಯ್ ಲಿಪಿ ಬಲ್ಲವರಿಗೆ ಆ ಬರವಣಿಗೆಗೆ ಬೇಕಾದ ಕೆಲವು ನಿರ್ದಿಷ್ಟ ಕುಶಲತೆಗಳು ಒಲಿದಿದ್ದವು. ಆದರೆ ತರ್ಕದ ಒಗಟುಗಳನ್ನು ಮಾತಿನಲ್ಲೇ ಬಿಡಿಸಿ ವಿವರಿಸುವುದರಲ್ಲಿ ಮುಂದಿದ್ದವರು ಶಾಲೆಗೆ ಹೋದವರು. ಬದಲಾವಣೆ ತಂದದ್ದು ಅಕ್ಷರಕ್ಕಿಂತ ಹೆಚ್ಚಾಗಿ ತರಗತಿ.

ತರಗತಿಯಲ್ಲಿ ಏನು ನಡೆಯುತ್ತದೆ? ಒಬ್ಬ ವ್ಯಾಪಾರಿ 60 ಮಾವಿನಹಣ್ಣು ಕೊಂಡ, ಅದರಲ್ಲಿ 12 ಕೊಳೆತವು ಎಂದು ಮೇಷ್ಟ್ರು ಹೇಳುತ್ತಾರೆ. ಯಾವ ವ್ಯಾಪಾರಿ, ನೀವು ನೋಡಿದಿರಾ ಎಂದು ಕೇಳಿದ ಹುಡುಗನನ್ನು ಇಡೀ ತರಗತಿ ನಗುತ್ತದೆ. ಉತ್ತರ ಗೊತ್ತಿರುವವರೇ ಪ್ರಶ್ನೆ ಕೇಳುತ್ತಾರೆ, ಇಲ್ಲದ ವ್ಯಾಪಾರಿಯನ್ನು ಇದ್ದಾನೆಂದು ಒಪ್ಪಿಕೊಳ್ಳಬೇಕು, ಹೇಳಿದ ಮಾತಿನ ಬೇಲಿಯೊಳಗೇ ಉತ್ತರ ಹುಡುಕಬೇಕು. ಈ ಒಪ್ಪಂದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ವರ್ಷ ಕುಳಿತಲ್ಲೇ ಮೈಗೂಡುತ್ತದೆ. ಇದರ ಶಕ್ತಿ ಸಣ್ಣದಲ್ಲ. ಬೀಜಗಣಿತ, ಕಾನೂನು, ಕಾಣದ ಅಣುವಿನ ವಿಜ್ಞಾನ ಎಲ್ಲ ನಿಂತಿರುವುದು 'ಹೀಗೆಂದುಕೊಳ್ಳೋಣ' ಎಂಬ ಮಾತಿನ ಮೇಲೆಯೇ.

ಮುತ್ತಜ್ಜನ ಐಕ್ಯೂ

ದೂರದ ಜನರ ಬಗ್ಗೆ ಕೇಳಿದ ಪ್ರಶ್ನೆ 1984ರಲ್ಲಿ ತಿರುಗಿ ಬಂದು ಪಶ್ಚಿಮದ ಮನೆಬಾಗಿಲನ್ನೇ ತಟ್ಟಿತು. ಅದನ್ನು ತಂದವರು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಫ್ಲಿನ್.

ಐಕ್ಯೂ ಪರೀಕ್ಷೆಯನ್ನು ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ಹೊಂದಿಸಿ, ಆ ಕಾಲದ ಜನರ ಸರಾಸರಿಯನ್ನು 100 ಎಂದು ಇಡುತ್ತಾರೆ. ಹೊಸ ಪರೀಕ್ಷೆ ಬರೆದವರಿಗೆ ಹಳೆಯದನ್ನೂ ಕೊಟ್ಟಾಗ, ಹಳೆಯದರಲ್ಲಿ ಹೆಚ್ಚು ಅಂಕ ಬರುತ್ತಿತ್ತು. ಫ್ಲಿನ್ ಇದನ್ನು ಒಟ್ಟುಗೂಡಿಸಿದಾಗ, 1932ರಿಂದ 1978ರ ನಡುವೆ ಅಮೆರಿಕದವರ ಅಂಕ ಸುಮಾರು 14ರಷ್ಟು ಏರಿರುವುದು ಕಂಡಿತು. 1987ರಲ್ಲಿ 14 ದೇಶಗಳ ಅಂಕಿಅಂಶ ಮುಂದಿಟ್ಟರು. ಸೇನೆಗೆ ಸೇರುವ ಡಚ್ ಯುವಕರ ಅಂಕ 1952ರಿಂದ 1982ರೊಳಗೆ 20ರಷ್ಟು ಏರಿತ್ತು. ಇದೇ ಲೆಕ್ಕವನ್ನು ಹಿಂದಕ್ಕೆ ಎಳೆದರೆ 1900ರ ಸಾಮಾನ್ಯ ಅಮೆರಿಕನ್ನನ ಐಕ್ಯೂ ಇಂದಿನ ಅಳತೆಯಲ್ಲಿ 70ಕ್ಕೆ ಇಳಿಯುತ್ತದೆ. ರೈಲು ಓಡಿಸಿದ, ಅಂಗಡಿ ನಡೆಸಿದ, ಮಕ್ಕಳನ್ನು ಬೆಳೆಸಿದ ಮುತ್ತಜ್ಜಂದಿರಲ್ಲಿ ಅರ್ಧದಷ್ಟು ಜನ ಬುದ್ಧಿಮಾಂದ್ಯರೇ? ಯಾರೂ ಹಾಗೆ ನಂಬಲಾರರು.

ಅಂಕ ಏರಿದ್ದು ಎಲ್ಲ ಕಡೆ ಸಮನಾಗಿ ಅಲ್ಲ. ಶಬ್ದಸಂಪತ್ತು, ಅಂಕಗಣಿತ, ಸಾಮಾನ್ಯ ಜ್ಞಾನಗಳಲ್ಲಿ ಏರಿಕೆ ಅತ್ಯಲ್ಪ. ಆಕೃತಿಗಳ ವಿನ್ಯಾಸ ಗುರುತಿಸುವುದರಲ್ಲಿ, ಎರಡು ವಸ್ತುಗಳ ಸಾಮ್ಯ ಹೇಳುವುದರಲ್ಲಿ ಏರಿಕೆ ದೊಡ್ಡದು. ನಾಯಿಗೂ ಮೊಲಕ್ಕೂ ಇರುವ ಸಾಮ್ಯ ಯಾವುದು? ನೂರು ವರ್ಷದ ಹಿಂದಿನ ಹಳ್ಳಿಗನಾದರೆ ನಾಯಿಯಿಂದ ಮೊಲದ ಬೇಟೆಯಾಡಬಹುದು ಎನ್ನುತ್ತಿದ್ದ, ಇಂದಿನ ಹುಡುಗ ಎರಡೂ ಸಸ್ತನಿಗಳು ಎನ್ನುತ್ತಾನೆ ಎಂದು ಫ್ಲಿನ್ ವಿವರಿಸುತ್ತಿದ್ದರು. ಈ ಬದಲಾವಣೆಯನ್ನು ಅರ್ಥಮಾಡಿಸಲು ಅವರು ಮೊರೆಹೋದದ್ದು ಲೂರಿಯಾ ಅವರ ಉಜ್ಬೆಕ್ ಸಂದರ್ಶನಗಳಿಗೆ. ಗರಗಸ ಮತ್ತು ದಿಮ್ಮಿಯನ್ನು ಬೇರೆ ಮಾಡಲೊಪ್ಪದ ರೈತ ಬೇರೆ ಜನಾಂಗದವನಲ್ಲ, ಎಲ್ಲರ ಮುತ್ತಜ್ಜ.

ದೀರ್ಘವಾದ ಶಾಲೆ, ಚಿಕ್ಕ ಕುಟುಂಬ, ಒಳ್ಳೆಯ ಊಟ, ಕಡಿಮೆಯಾದ ಕಾಯಿಲೆ, ಬದಲಾದ ಉದ್ಯೋಗ ಹೀಗೆ ಕಾರಣಗಳು ಹಲವು. ಯಾವುದಕ್ಕೆ ಎಷ್ಟು ಪಾಲು ಎಂಬ ವಾದ ಮುಗಿದಿಲ್ಲ. ಏರಿಕೆ ಶಾಶ್ವತವೂ ಅಲ್ಲ. ನಾರ್ವೆಯಲ್ಲಿ 1970ರ ದಶಕದ ಮಧ್ಯದ ನಂತರ ಹುಟ್ಟಿದವರ ಅಂಕ ಇಳಿಯತೊಡಗಿತು, ಅದೂ ಒಂದೇ ತಾಯಿತಂದೆಯರ ಮಕ್ಕಳ ನಡುವೆಯೇ ಎಂದು 2018ರ ಅಧ್ಯಯನವೊಂದು ತೋರಿಸಿತು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಅಂಕ ಹೀಗೆ ಸರಿಯುವುದಕ್ಕೆ ವಂಶವಾಹಿ ಕಾರಣವಾಗಲಾರದು.

ಧಾರವಾಡದ ಮಕ್ಕಳು

ಈ ಇತಿಹಾಸದ ಒಂದು ಎಳೆ ಧಾರವಾಡದ ಮೂಲಕ ಹಾದುಹೋಗಿದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಕಾಲದ ಕರ್ನಾಟಕ ಭಾಗದಲ್ಲಿ ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಂದಿಸಿದರು. ಅದರ ವರದಿ 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ, ಪುಸ್ತಕ 1940ರಲ್ಲಿ ಬಂತು. ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತಂದರಷ್ಟೇ ಸಾಲದು, ಯಾವ ಪ್ರಶ್ನೆ ಯಾವ ವಯಸ್ಸಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿನ ಮಕ್ಕಳೇ ತೋರಿಸಬೇಕು ಎಂಬ ತಿಳಿವಳಿಕೆ ಆ ಕೆಲಸದ ಹಿಂದಿತ್ತು.

ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಭಾರತದ ಅನೇಕ ಕಡೆ ಬಳಕೆಯಲ್ಲಿದೆ. ಅದರ ಬಾಳಿಕೆಯಲ್ಲೇ ಒಂದು ತೊಡಕಿದೆ. ಹಳೆಯ ಸರಾಸರಿಗೆ ಹೋಲಿಸಿದಾಗ ಅಂಕ ಉಬ್ಬುತ್ತದೆ ಎಂಬುದೇ ಫ್ಲಿನ್ ಕಂಡ ಸಂಗತಿ ತಾನೇ? ಹಾಗಾದರೆ ಹಳೆಯ ಗೋಲಿನಲ್ಲಿ 75 ಕಂಡ ಮಗುವಿಗೆ ಇಂದಿನ ಗೋಲಿನಲ್ಲಿ 70ಕ್ಕಿಂತ ಕಡಿಮೆ ಬರಬಹುದು. 70ರ ಆಚೆಗೋ ಈಚೆಗೋ ಎಂಬುದರ ಮೇಲೆ ಅಂಗವೈಕಲ್ಯದ ಪ್ರಮಾಣಪತ್ರ, ಶಾಲೆಯ ನೆರವು ನಿಂತಿರುತ್ತವೆ. ಅಮೆರಿಕದಲ್ಲಿ ಪ್ರಾಣವೇ ನಿಂತಿತ್ತು: ಬುದ್ಧಿಮಾಂದ್ಯರಿಗೆ ಮರಣದಂಡನೆ ಕೂಡದು ಎಂದು 2002ರಲ್ಲಿ ಹೇಳಿದ ಅಲ್ಲಿನ ಸುಪ್ರೀಂ ಕೋರ್ಟು, 70 ಎಂಬ ಒಂದೇ ಗೆರೆ ಎಳೆದು ನಿರ್ಧರಿಸುವಂತಿಲ್ಲ ಎಂದು 2014ರಲ್ಲಿ ಮತ್ತೆ ಹೇಳಬೇಕಾಯಿತು. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗುವನ್ನು, ಅದು ಇನ್ನೂ ಅರ್ಧಂಬರ್ಧ ಕಲಿಯುತ್ತಿರುವ ಭಾಷೆಯಲ್ಲಿ ಅಳೆದರೆ ಅಂಕ ಸುಳ್ಳೇ ಕುಗ್ಗುತ್ತದೆ.

ಪರೀಕ್ಷೆಯನ್ನೇ ಬಿಸಾಡಬೇಕೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ನೆರವು ಯಾರಿಗೆ ಬೇಕು ಎಂಬ ಬಿನೆಯ ಪ್ರಶ್ನೆ ಇಂದಿಗೂ ನಿಜವಾದ ಪ್ರಶ್ನೆಯೇ. ಆದರೆ ಮಗು ಪಡೆದ ಅಂಕದ ಪಕ್ಕದಲ್ಲಿ ಅದು ಹೇಳಿದ ಮಾತನ್ನೂ ಬರೆದಿಡುವುದು ಒಳ್ಳೆಯದು. ಅಮೆರಿಕದ ಸೇನೆ 17 ಲಕ್ಷ ಜನರಿಂದ ಸಂಗ್ರಹಿಸಿದ್ದು ಬಹುಪಾಲು ಸಂಖ್ಯೆ. ಆ ಸೈನಿಕರು ತಪ್ಪು ಉತ್ತರ ಬರೆದಾಗ ಏನೆಂದುಕೊಂಡಿದ್ದರು ಎಂದು ಈಗ ತಿಳಿಯುವ ದಾರಿಯಿಲ್ಲ. ಚಹಾ ಅಂಗಡಿಯಲ್ಲಿ ಕುಳಿತ ಬೆರಳೆಣಿಕೆಯ ಉಜ್ಬೆಕ್ ರೈತರ ಮಾತು ಮಾತಾಗಿಯೇ ಉಳಿಯಿತು. ಬರೆದುಕೊಂಡವರ ಅಭಿಪ್ರಾಯವನ್ನು ಒಪ್ಪದಿದ್ದರೂ, ತೊಂಬತ್ತು ವರ್ಷಗಳ ಮೇಲೆ ಅದನ್ನು ಬೇರೆ ರೀತಿ ಓದಿ, ಆ ರೈತ ಹೇಳಿದ್ದರಲ್ಲಿ ಅರ್ಥವಿತ್ತು ಎಂದು ಹೇಳಲು ಸಾಧ್ಯವಾಗಿರುವುದು ಅದರಿಂದಲೇ.